ದಿನಕ್ಕೊಂದು ಮಿಲಿಮೀಟರು

1963ನೆಯ ಇಸವಿಯ ಜುಲೈ ತಿಂಗಳಿನಲ್ಲಿ, ಮಾಸ್ಕೋ ನಗರದಲ್ಲಿ, ವಲೇರಿ ಬ್ರುಮೆಲ್ ಎಂಬ ಇಪ್ಪತ್ತೊಂದು ವರ್ಷದ ತರುಣನು 2.28 ಮೀಟರು ಎತ್ತರದಲ್ಲಿದ್ದ ಪಟ್ಟಿಯನ್ನು ಹಾರಿ ದಾಟಿದನು. ಎಂದರೆ ಹೆಚ್ಚುಕಡಮೆ ಏಳೂವರೆ ಅಡಿ. ಸಾಧಾರಣವಾದ ಮನೆಯ ಬಾಗಿಲಿಗಿಂತಲೂ ಎತ್ತರ! ಸುಮಾರು ಎರಡು ವರ್ಷಗಳ ಅವಧಿಯಲ್ಲಿ ಪ್ರಪಂಚದ ದಾಖಲೆಯನ್ನು ಅವನು ಮುರಿದದ್ದು ಅದು ಆರನೆಯ ಸಲ. ಮರುವರ್ಷ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಚಿನ್ನದ ಪದಕವೂ ಅವನ ಕೊರಳನ್ನು ಅಲಂಕರಿಸಿತು.

1965ರ ಅಕ್ಟೋಬರಿನಲ್ಲಿ ವಿಧಿ ಬೇರೆ ಬಗೆಯಿತು. ಮೋಟಾರ್ ಸೈಕಲ್ಲಿನ ಹಿಂಬದಿಯಲ್ಲಿ ಕುಳಿತು ಹೋಗುತ್ತಿದ್ದ ಬ್ರುಮೆಲ್ ಅಪಘಾತಕ್ಕೆ ಸಿಕ್ಕಿದನು. ಅವನ ಬಲಗಾಲಿನ ಮೂಳೆಗಳು ನುಚ್ಚುನೂರಾದವು. ವೈದ್ಯರು ಹೆಣಗಾಡಿ ಕಾಲನ್ನು ಉಳಿಸಿದರೇನೋ ನಿಜ. ಆದರೆ ಮೂಳೆ ಮಾತ್ರ ಕೂಡಲೊಲ್ಲದು. ಒಂದರ ಬೆನ್ನಿಗೆ ಒಂದರಂತೆ ಶಸ್ತ್ರಚಿಕಿತ್ಸೆಗಳಾದವು. ಮೂರು ವರ್ಷ ಕಳೆದರೂ ಊರುಗೋಲು ಕಂಕುಳನ್ನು ಬಿಡಲಿಲ್ಲ. ಮುರಿದ ಕಾಲು ಇನ್ನೊಂದಕ್ಕಿಂತ ಗಿಡ್ಡವೂ ಆಯಿತು. ಕೊನೆಗೆ 1968ರಲ್ಲಿ ಅವನು ಸೈಬೀರಿಯದ ಅಂಚಿನಲ್ಲಿರುವ ಕುರ್ಗಾನ್ ಎಂಬ ಊರಿಗೆ ಹೋಗಿ, ಗವ್ರೀಲ್ ಇಲಿಜರೋವ್ ಎಂಬ ವೈದ್ಯರ ಮುಂದೆ ಕುಳಿತನು.

ಅಲ್ಲಿ ಅವನ ಕಾಲಿಗೆ ಲೋಹದ ಬಳೆಗಳನ್ನು ತೊಡಿಸಲಾಯಿತು. ಕೂಡದಿದ್ದ ಮೂಳೆ ಕೂಡಿತು. ಗಿಡ್ಡವಾಗಿದ್ದ ಕಾಲು ಮೆಲ್ಲಮೆಲ್ಲನೆ ಉದ್ದವಾಯಿತು. ಕೆಲವೇ ವರ್ಷಗಳಲ್ಲಿ ಅವನು ಮತ್ತೆ ಎರಡು ಮೀಟರಿಗೂ ಮೀರಿದ ಎತ್ತರವನ್ನು ಹಾರಿದನೆಂದರೆ ಯಾರಿಗಾದರೂ ಅಚ್ಚರಿಯಾಗದಿರದು.

ಈ ಕಥೆಯನ್ನು ಕೇಳಿದವರು ವೈದ್ಯರ ಕೈಚಳಕವನ್ನು ಹೊಗಳುತ್ತಾರೆ. ಅದು ಸಹಜವೇ. ಆದರೆ ಕಾಲನ್ನು ಉದ್ದಮಾಡುವ ಚಿಕಿತ್ಸೆಯಲ್ಲಿ ವೈದ್ಯರ ಕತ್ತಿಯ ಕೆಲಸ ಒಂದು ದಿನದ್ದು. ಚೇತರಿಕೆಯ ಕೆಲಸ ಹಲವು ತಿಂಗಳುಗಳದು. ಆ ತಿಂಗಳುಗಳ ಬಹುಭಾಗ ಕಳೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ರೋಗಿಯ ತಾಯಿ, ತಂದೆ, ಅಕ್ಕತಂಗಿಯರು ಇವರೆಲ್ಲರೂ ಆ ಚಿಕಿತ್ಸೆಯಲ್ಲಿ ಪಾಲುದಾರರು. ಬೆಂಗಳೂರೂ ಸೇರಿದಂತೆ ನಮ್ಮ ದೇಶದ ದೊಡ್ಡ ನಗರಗಳಲ್ಲೆಲ್ಲ ಈ ಚಿಕಿತ್ಸೆ ಇಂದು ದೊರೆಯುವುದರಿಂದ, ಆ ತಿಂಗಳುಗಳು ಹೇಗಿರುತ್ತವೆಂಬುದನ್ನು ಗೃಹಸ್ಥರು ಮುಂಚಿತವಾಗಿ ತಿಳಿದಿರುವುದು ಲೇಸು.

ತಿರುಗುಮುರುಗಾದ ನಟ್ಟು

ಕಾಲನ್ನು ಎಳೆದು ಉದ್ದಮಾಡಬೇಕೆಂಬ ಹಂಬಲ ಹೊಸದಲ್ಲ. 1905ರಲ್ಲಿಯೇ ಇಟಲಿಯ ಬೊಲೋನ್ಯ ನಗರದ ಕೋಡಿವಿಲ್ಲ ಎಂಬ ವೈದ್ಯರು ತೊಡೆಯ ಮೂಳೆಯನ್ನು ಕತ್ತರಿಸಿ, ಹಿಮ್ಮಡಿಗೆ ಮೊಳೆ ತೂರಿಸಿ, ಬಲವಾಗಿ ಎಳೆದು ಕಾಲನ್ನು ಉದ್ದಮಾಡಿದ್ದರು. ಆದರೆ ಒಮ್ಮೆಗೇ ಎಳೆದರೆ ನರಗಳು ತಡೆಯವು, ರಕ್ತನಾಳಗಳು ತಡೆಯವು. ಅನೇಕರು ಅದರಿಂದ ಪಟ್ಟ ಪಾಡು ಅಷ್ಟಿಷ್ಟಲ್ಲ.

ಇಲಿಜರೋವ್ ಅವರು ಹುಟ್ಟಿದ್ದು 1921ರಲ್ಲಿ. ಬಡತನದಲ್ಲಿ ಬೆಳೆದು 1944ರಲ್ಲಿ ವೈದ್ಯ ಪದವಿ ಪಡೆದ ಅವರನ್ನು ಸರಕಾರವು ಕುರ್ಗಾನ್ ಪ್ರಾಂತದ ದೊಲ್ಗೋವ್ಕ ಎಂಬ ಹಳ್ಳಿಗೆ ಕಳುಹಿಸಿತು. ಮಹಾಯುದ್ಧದ ಕಾಲವದು. ಕೈಕಾಲು ಮುರಿದು, ಮೂಳೆ ಕೂಡದೆ ನರಳುತ್ತಿದ್ದ ಸೈನಿಕರಿಗೆ ಲೆಕ್ಕವಿರಲಿಲ್ಲ. ಸಲಕರಣೆಗಳೂ ಇರಲಿಲ್ಲ. ಮುರಿದ ಮೂಳೆಯ ಎರಡು ತುಂಡುಗಳನ್ನೂ ಅಲುಗಾಡದಂತೆ ಹಿಡಿದಿಡಲು ಅವರು ಒಂದು ಉಪಾಯವನ್ನು ಯೋಚಿಸಿದರು: ಕಾಲಿನ ಸುತ್ತ ಲೋಹದ ಬಳೆಗಳು, ಆ ಬಳೆಗಳಿಂದ ಮೂಳೆಯ ಮೂಲಕ ಅಡ್ಡಡ್ಡವಾಗಿ ಹಾಯ್ದ, ವೀಣೆಯ ತಂತಿಯಂತೆ ಬಿಗಿದ ಸಣ್ಣ ಕಡ್ಡಿಗಳು, ಬಳೆಯಿಂದ ಬಳೆಗೆ ಮರೆಯಿರುವ ಸಲಾಕೆ, ಸಲಾಕೆಗೆ ನಟ್ಟು. ಮೊದಮೊದಲು ಸೈಕಲ್ ಚಕ್ರದ ಕಡ್ಡಿಗಳನ್ನೇ ಬಳಸಿದರೆಂದು ಹೇಳುತ್ತಾರೆ.

ನಟ್ಟನ್ನು ಬಿಗಿದರೆ ಮೂಳೆಯ ತುಂಡುಗಳು ಒಂದನ್ನೊಂದು ಒತ್ತುತ್ತವೆ, ಒತ್ತಿದರೆ ಕೂಡುತ್ತವೆ. ಅವರ ಮೂಲ ಉದ್ದೇಶ ಇಷ್ಟೇ. ಆದರೆ ಒಬ್ಬ ರೋಗಿ ನಟ್ಟನ್ನು ತಪ್ಪಾಗಿ ಎದುರುಬದಿಗೆ ತಿರುಗಿಸಿಬಿಟ್ಟನಂತೆ. ತುಂಡುಗಳು ಒತ್ತುವುದರ ಬದಲು ದೂರ ಸರಿದವು. ಎಕ್ಸ್‌ರೇ ತೆಗೆದು ನೋಡಿದರೆ ನಡುವಿನ ಸಂದಿನಲ್ಲಿ ಮೋಡದಂತಹ ಮಸುಕು ಛಾಯೆ! ಅಲ್ಲಿ ಹೊಸ ಮೂಳೆ ಹುಟ್ಟುತ್ತಿದ್ದಿತು. ಕಥೆಯಲ್ಲಿ ಉಪ್ಪುಕಾರ ಎಷ್ಟು ಸೇರಿದೆಯೋ, ಅದರಿಂದ ಹೊರಟ ತತ್ತ್ವ ಮಾತ್ರ ಗಟ್ಟಿಯಾದದ್ದು. ಜೀವಂತ ಅಂಗಾಂಶವನ್ನು ಮೆಲ್ಲನೆ, ಎಡೆಬಿಡದೆ ಎಳೆಯುತ್ತ ಹೋದರೆ ಅದು ಹರಿಯುವುದಿಲ್ಲ, ಬೆಳೆಯುತ್ತದೆ.

ಎಷ್ಟು ಮೆಲ್ಲನೆ? ನಾಯಿಗಳ ಮೇಲೆ ಪ್ರಯೋಗಗಳನ್ನು ನಡೆಸಿ ಇಲಿಜರೋವ್ ಅವರು ಇದಕ್ಕೂ ಉತ್ತರ ಕಂಡುಕೊಂಡರು. ದಿನಕ್ಕೆ ಅರ್ಧ ಮಿಲಿಮೀಟರು ಎಳೆದರೆ ಮೂಳೆ ಅವಸರಪಟ್ಟು ಕೂಡಿಕೊಂಡು, ಮುಂದೆ ಎಳೆಯಲು ಬಾರದಂತಾಗುತ್ತದೆ. ಎರಡು ಮಿಲಿಮೀಟರು ಎಳೆದರೆ ಹೊಸ ಮೂಳೆ ಹಿಂದೆ ಬೀಳುತ್ತದೆ. ನರ ಸ್ನಾಯುಗಳಿಗೂ ಕೇಡು. ದಿನಕ್ಕೊಂದು ಮಿಲಿಮೀಟರು ಹಿತ. ಅದನ್ನೂ ಒಮ್ಮೆಗೇ ಎಳೆಯದೆ ನಾಲ್ಕು ಕಂತುಗಳಲ್ಲಿ ಎಳೆದರೆ ಇನ್ನೂ ಹಿತ. ಸಲಾಕೆಯ ಮರೆಯನ್ನು ಕಡೆದಿರುವುದೂ ಇದೇ ಲೆಕ್ಕದಲ್ಲಿ: ನಟ್ಟನ್ನು ಕಾಲುಸುತ್ತು ತಿರುಗಿಸಿದರೆ ಕಾಲು ಮಿಲಿಮೀಟರು.

ಇಷ್ಟಾದರೂ ಪಶ್ಚಿಮದ ದೇಶಗಳಿಗೆ ಈ ವಿಷಯ ಬಹುಕಾಲ ತಿಳಿಯಲಿಲ್ಲ. ಕಾರ್ಲೋ ಮೌರಿ ಎಂಬ ಇಟಲಿಯ ಪರ್ವತಾರೋಹಿಯ ಕಾಲು ಮುರಿದು, ಸರಿಯಾಗಿ ಕೂಡದೆ, ವರ್ಷಗಟ್ಟಲೆ ಕಾಡುತ್ತಿದ್ದಿತು. ಥಾರ್ ಹೆಯರ್‌ಡಾಲ್ ಅವರ ಪ್ರಸಿದ್ಧವಾದ ಜೊಂಡಿನ ದೋಣಿಯ ಯಾತ್ರೆಯಲ್ಲಿ ಅವರ ಜೊತೆಗಿದ್ದ ರಷ್ಯದ ವೈದ್ಯರೊಬ್ಬರು ಕುರ್ಗಾನಿನ ಹೆಸರು ಹೇಳಿದರು. 1980ರಲ್ಲಿ ಮೌರಿ ಅಲ್ಲಿಗೆ ಹೋಗಿ ನೆಟ್ಟಗಾದ ಕಾಲಿನೊಡನೆ ಹಿಂದಿರುಗಿದುದನ್ನು ಕಂಡು ಇಟಲಿಯ ವೈದ್ಯರು ಬೆರಗಾದರು. 1981ರಲ್ಲಿ ಇಲಿಜರೋವ್ ಅವರನ್ನೇ ಕರೆಸಿ ಉಪನ್ಯಾಸ ಕೇಳಿದರು. ಅಲ್ಲಿಂದ ಮುಂದೆ ಆ ವಿದ್ಯೆ ಲೋಕವೆಲ್ಲ ಹಬ್ಬಿತು.

ಮನೆಗೆ ಬಂದ ಮೇಲೆ

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ಹದಿನಾರು ವರ್ಷದ ಹುಡುಗ. ಚಿಕ್ಕಂದಿನಲ್ಲಿ ಸೀಬೆಮರದಿಂದ ಬಿದ್ದು, ಮಂಡಿಯ ಕೆಳಗೆ ಮೂಳೆ ಬೆಳೆಯುವ ಜಾಗಕ್ಕೇ ಪೆಟ್ಟಾಯಿತು. ಒಂದು ಕಾಲು ಬೆಳೆಯುತ್ತ ಹೋಯಿತು, ಇನ್ನೊಂದು ಹಿಂದುಳಿಯಿತು. ಈಗ ಐದು ಸೆಂಟಿಮೀಟರುಗಳ ವ್ಯತ್ಯಾಸವೆಂದು ಭಾವಿಸಬಹುದು. ಎರಡು ಸೆಂಟಿಮೀಟರಿನೊಳಗಿನ ವ್ಯತ್ಯಾಸವಾಗಿದ್ದರೆ ಪಾದರಕ್ಷೆಯೊಳಗೆ ಅಟ್ಟೆ ಇಟ್ಟುಕೊಂಡರೆ ಸಾಕು. ಎಳೆಯ ವಯಸ್ಸಿನಲ್ಲೇ ಗೊತ್ತಾಗಿದ್ದರೆ ಉದ್ದದ ಕಾಲಿನ ಬೆಳವಣಿಗೆಯನ್ನು ತಡೆದು ಎರಡನ್ನೂ ಸಮಮಾಡುವ ಸುಲಭ ಉಪಾಯವೂ ಉಂಟು. ಆ ಎರಡೂ ಸಲ್ಲದೆಂದಾಗ ಮಾತ್ರ ಬಳೆಗಳ ಮಾತು.

ಶಸ್ತ್ರಚಿಕಿತ್ಸೆಯ ದಿನ ವೈದ್ಯರು ಮೂಳೆಯನ್ನು ಅಡ್ಡಲಾಗಿ ಕತ್ತರಿಸುತ್ತಾರೆ. ಮೂಳೆಯನ್ನು ಸುತ್ತಿರುವ ಪೊರೆಗೂ ಒಳಗಿನ ರಕ್ತಸಂಚಾರಕ್ಕೂ ಆದಷ್ಟು ಧಕ್ಕೆ ಬಾರದಂತೆ ನೋಡಿಕೊಳ್ಳುತ್ತಾರೆ, ಏಕೆಂದರೆ ಹೊಸ ಮೂಳೆಯ ಬೀಜವಿರುವುದು ಅಲ್ಲಿಯೇ. ಬಳಿಕ ಐದರಿಂದ ಏಳು ದಿನ, ಕೆಲವೊಮ್ಮೆ ಹತ್ತು ದಿನ, ಏನನ್ನೂ ಮಾಡುವುದಿಲ್ಲ. ಕತ್ತರಿಸಿದ ಜಾಗದಲ್ಲಿ ಮೆತ್ತನೆಯ ಕೂಡುಪದರ ಕಟ್ಟಲು ಆ ಬಿಡುವು.

ಆಮೇಲೆ ನಟ್ಟು ತಿರುಗಿಸುವ ಕಾಲ ಬರುತ್ತದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಮಲಗುವ ಮುನ್ನ. ಒಂದೊಂದು ಸಲವೂ ಕಾಲುಸುತ್ತು. ಗೋಡೆಗೆ ಒಂದು ಹಾಳೆ ಅಂಟಿಸಿ, ತಿರುಗಿಸಿದೊಡನೆ ಗುರುತು ಹಾಕುವುದು ಒಳ್ಳೆಯ ಪದ್ಧತಿ. ಅಪ್ಪ ತಿರುಗಿಸಿದ್ದಾರೆಂದು ಅಮ್ಮನೂ, ಅಮ್ಮ ತಿರುಗಿಸಿದ್ದಾಳೆಂದು ಅಪ್ಪನೂ ಸುಮ್ಮನಾಗುವುದು, ಇಲ್ಲವೇ ಇಬ್ಬರೂ ತಿರುಗಿಸುವುದು, ಎರಡೂ ನಡೆಯುವಂಥವೇ. ತಪ್ಪಿಹೋದ ಸರದಿಯನ್ನು ಮರುದಿನ ಸೇರಿಸಿ ತಿರುಗಿಸುವ ಜಾಣತನ ಬೇಡ. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಐದು ಸೆಂಟಿಮೀಟರಿಗೆ ಐವತ್ತು ದಿನ ಎಂದು ಲೆಕ್ಕ ಹಾಕಿ, ಎರಡು ತಿಂಗಳಲ್ಲಿ ಎಲ್ಲವೂ ಮುಗಿಯುವುದೆಂದು ಸಂತೋಷಪಡುವವರುಂಟು. ಅವರು ಅರ್ಧ ದಾರಿಗೂ ಬಂದಿರುವುದಿಲ್ಲ. ಐವತ್ತು ದಿನಗಳ ಬಳಿಕ ಸಂದಿನಲ್ಲಿರುವುದು ಮೂಳೆಯ ಮೆದು ರೂಪ. ಅದರಲ್ಲಿ ಸುಣ್ಣ ಸೇರಿ ಗಟ್ಟಿಯಾಗಿ, ಮೈಭಾರವನ್ನು ಹೊರುವಂತಾಗಲು ಎಳೆದ ಕಾಲದ ಎರಡರಷ್ಟೋ ಅದಕ್ಕೂ ಹೆಚ್ಚೋ ಬೇಕು. ಅಲ್ಲಿಯವರೆಗೂ ಬಳೆಗಳು ಕಾಲಿನಲ್ಲಿಯೇ ಇರತಕ್ಕದ್ದು. ಒಟ್ಟಿನಲ್ಲಿ ಆರರಿಂದ ಎಂಟು ತಿಂಗಳು. ವಯಸ್ಸು ಹೆಚ್ಚಿದಷ್ಟೂ ಮೂಳೆ ನಿಧಾನ. ಬೀಡಿ ಸಿಗರೇಟುಗಳ ಚಟವಿದ್ದವರಿಗಂತೂ ಇನ್ನೂ ನಿಧಾನ. ಹೊಗೆಯ ವಿಷ ಹೊಸ ಮೂಳೆಗೆ ನೇರವಾದ ಶತ್ರು.

ತಲೆದಿಂಬಿನ ಕಥೆ

ಎಳೆತಕ್ಕೆ ಮೂಳೆ ಸುಲಭವಾಗಿ ಒಗ್ಗಿಕೊಳ್ಳುತ್ತದೆ. ಒಗ್ಗದಿರುವುವು ಸ್ನಾಯುಗಳು. ಮೀನಖಂಡದ ಸ್ನಾಯುವಿಗೆ ಮೂಳೆ ಉದ್ದವಾದುದು ತಿಳಿಯದು. ತನ್ನ ಹಳೆಯ ಅಳತೆಗೇ ಅದು ಜಗ್ಗುತ್ತದೆ. ಜಗ್ಗಿದಾಗ ಹಿಮ್ಮಡಿ ಮೇಲೇರಿ ಪಾದ ಕೆಳಕ್ಕೆ ಬಾಗಿ, ರೋಗಿ ತುದಿಗಾಲಲ್ಲಿ ನಿಲ್ಲುವಂತಾಗುತ್ತದೆ. ಮಂಡಿಯೂ ಮಡಿಚಿಕೊಳ್ಳುತ್ತದೆ. ಈ ಸೆಟೆತವನ್ನು ಆರಂಭದಲ್ಲೇ ತಡೆಯದಿದ್ದರೆ ಕಾಲು ಉದ್ದವಾಗಿಯೂ ನಡೆಯಲು ಬಾರದಂತಾದೀತು. ಉದ್ದಮಾಡುವ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಮೂಳೆಯಲ್ಲಲ್ಲ, ಕೀಲಿನಲ್ಲಿ.

ಇಲ್ಲಿಯೇ ಮನೆಯವರ ಪರೀಕ್ಷೆ. ನೋಯುವ ಕಾಲನ್ನು ಮಂಡಿಯಲ್ಲಿ ಸ್ವಲ್ಪ ಮಡಿಸಿ, ಅಡಿಗೆ ತಲೆದಿಂಬು ಇಟ್ಟರೆ ಹುಡುಗನಿಗೆ ಹಾಯೆನಿಸುತ್ತದೆ. ನಡುರಾತ್ರಿಯಲ್ಲಿ ಅವನು "ಅಮ್ಮಾ, ನೋವು" ಎಂದು ನರಳಿದರೆ ಯಾವ ತಾಯಿಯ ಕೈ ದಿಂಬಿನತ್ತ ಹೋಗದು? ಆದರೆ ಮಂಡಿಯ ಕೆಳಗಿನ ಆ ದಿಂಬೇ ಮುಂದಿನ ಕಷ್ಟದ ಮೂಲ. ರಾತ್ರಿಯಿಡೀ ಮಡಿಚಿದ ಮಂಡಿ ಬೆಳಗ್ಗೆ ನೆಟ್ಟಗಾಗಲು ಒಪ್ಪದು. ಕೆಲವು ವಾರಗಳಾದ ಮೇಲೆ ಅದನ್ನು ನೆಟ್ಟಗೆ ಮಾಡಲು ಇನ್ನೊಂದು ಶಸ್ತ್ರಚಿಕಿತ್ಸೆಯೇ ಬೇಕಾದೀತು. ದಿಂಬನ್ನು ಇಡಬೇಕಾದದ್ದು ಹಿಮ್ಮಡಿಯ ಕೆಳಗೆ. ಆಗ ಮಂಡಿ ತನ್ನ ಭಾರಕ್ಕೆ ತಾನೇ ನೆಟ್ಟಗಾಗುತ್ತದೆ. ಅದು ಹಿತವಾಗಿರುವುದಿಲ್ಲ. ತಾಯಿಯ ಕರುಳು ಆ ಹೊತ್ತಿನಲ್ಲಿ ಕಲ್ಲಾಗಬೇಕು. ಮಗನ ಪಕ್ಕದಲ್ಲಿ ಕುಳಿತು, ಹಣೆ ಸವರಿ, ಕಥೆ ಹೇಳಿ ಹೊತ್ತು ಕಳೆಯಬಹುದು. ದಿಂಬನ್ನು ಮಾತ್ರ ಸರಿಸಬಾರದು.

ಹಗಲಿನಲ್ಲಿ ವ್ಯಾಯಾಮ. ಅಂಗಾಲಿಗೆ ಟವಲ್ಲನ್ನು ಕೊಟ್ಟು, ಅದರ ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದು, ಪಾದವನ್ನು ತನ್ನತ್ತ ಎಳೆದುಕೊಳ್ಳುವುದು. ತೊಡೆಯ ಸ್ನಾಯುವನ್ನು ಬಿಗಿದು ಸಡಿಲಿಸುವುದು. ಕಾಲನ್ನು ನೆಟ್ಟಗೆ ನೀಡಿ ಎತ್ತುವುದು. ಇಂಥವನ್ನು ಫಿಜಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ಅವರು ಬರುವುದು ದಿನಕ್ಕೊಮ್ಮೆ, ಕೆಲವರಿಗೆ ವಾರಕ್ಕೆರಡು ಬಾರಿ. ಉಳಿದ ಹೊತ್ತಿನಲ್ಲಿ ಮಾಡಿಸುವ ಹೊಣೆ ಮನೆಯವರದೇ. ಊಟಕ್ಕೆ ಮುಂಚೆ ಒಂದು ಸಲ ಎಂಬಂತೆ ನಿಯಮ ಮಾಡಿಕೊಂಡರೆ ಮರೆಯುವುದಿಲ್ಲ.

ಹಾಸಿಗೆಯಲ್ಲೇ ಮಲಗಿರುವುದು ಈ ಚಿಕಿತ್ಸೆಗೆ ವಿರೋಧ. ಬಳೆಗಳ ಚೌಕಟ್ಟು ಭಾರವನ್ನು ಹೊರಬಲ್ಲದಾದ್ದರಿಂದ, ವೈದ್ಯರು ಅಪ್ಪಣೆ ಕೊಟ್ಟಷ್ಟು ಭಾರವನ್ನು ಕಾಲಿನ ಮೇಲೆ ಹಾಕಿ ಊರುಗೋಲಿನ ನೆರವಿನಿಂದ ನಡೆಯಬೇಕು. ಭಾರ ಬಿದ್ದಷ್ಟೂ ಮೂಳೆ ಬಲಿಯುತ್ತದೆ. ಕುರ್ಗಾನಿನ ಚಿಕಿತ್ಸೆಯ ಒಂದು ಮುಖ್ಯ ಸೂತ್ರವೇ ಅದು: ಕಾಲಿನಲ್ಲಿ ಬಳೆಗಳಿರುವಾಗಲೇ ರೋಗಿ ಎದ್ದು ಓಡಾಡಬೇಕು.

ಸಣ್ಣಪುಟ್ಟ ಸಂಗತಿಗಳು

ಕಡ್ಡಿಗಳು ಚರ್ಮವನ್ನು ಹಾಯ್ದು ಒಳಹೋಗುವ ಒಂದೊಂದು ರಂಧ್ರವೂ ನಂಜಿಗೆ ತೆರೆದ ಬಾಗಿಲು. ಆಸ್ಪತ್ರೆಯಲ್ಲಿ ತೋರಿಸಿಕೊಟ್ಟ ಕ್ರಮದಲ್ಲಿ, ಕೈ ತೊಳೆದುಕೊಂಡು, ಅವರು ಹೇಳಿದ ದ್ರಾವಣದಿಂದ ಶುಚಿಮಾಡಬೇಕು. ಅರಿಸಿನ, ಎಣ್ಣೆ, ಬೂದಿ, ಯಾರೋ ಹೇಳಿದ ಮುಲಾಮು ಇವೊಂದೂ ಕೂಡದು. ಕಡ್ಡಿಯ ಸುತ್ತ ಕೆಂಪಾಗುವುದು, ಊದುವುದು, ಕೀವು ಜಿನುಗುವುದು ಅಪರೂಪವೇನಲ್ಲ. ಬಹುಪಾಲು ರೋಗಿಗಳಿಗೆ ಒಂದಲ್ಲ ಒಂದು ಸಲ ಹೀಗಾಗುತ್ತದೆ. ಬೇಗನೆ ತೋರಿಸಿದರೆ ಮಾತ್ರೆಯಿಂದಲೇ ಗುಣವಾಗುತ್ತದೆ. ಅಲಕ್ಷಿಸಿದರೆ ನಂಜು ಮೂಳೆಗಿಳಿಯುತ್ತದೆ.

ಪಾದದ ಬೆರಳುಗಳು ಜೋಮು ಹಿಡಿದಂತಾಗುವುದು, ಚುಚ್ಚಿದಂತಾಗುವುದು, ಪಾದವನ್ನು ಮೇಲೆತ್ತಲಾಗದಿರುವುದು, ಇವು ನರ ಕೊಡುವ ಎಚ್ಚರಿಕೆ. ಆಗ ಕೂಡಲೆ ವೈದ್ಯರಿಗೆ ತಿಳಿಸಬೇಕು. ಅವರು ಎಳೆತದ ವೇಗವನ್ನು ತಗ್ಗಿಸುತ್ತಾರೆ, ಕೆಲವು ದಿನ ನಿಲ್ಲಿಸಲೂಬಹುದು. ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ, ಎದೆ ನೋವು ಅಥವಾ ಏದುಸಿರು ಬಂದರೆ, ರಕ್ತ ಹೆಪ್ಪುಗಟ್ಟಿರಬಹುದೆಂಬ ಶಂಕೆಯಿಂದ ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು. ನೋವಿಗೆಂದು ಔಷಧದಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದು ಸಲ್ಲದು. ನೋವು ಬಾವುಗಳನ್ನು ಇಳಿಸುವ ಕೆಲವು ಮಾತ್ರೆಗಳು ಹೊಸ ಮೂಳೆಯ ಬೆಳವಣಿಗೆಗೂ ಅಡ್ಡಬರಬಹುದೆಂಬ ಸಂದೇಹವಿದೆ.

ಆಹಾರದಲ್ಲಿ ವಿಶೇಷ ಪಥ್ಯವಿಲ್ಲ, ಪುಷ್ಟಿ ಬೇಕು. ಹಾಲು, ಮೊಸರು, ಬೇಳೆಕಾಳು, ಸೊಪ್ಪು, ತಿನ್ನುವ ರೂಢಿಯಿದ್ದವರಿಗೆ ಮೊಟ್ಟೆ ಮೀನು. ನಮ್ಮ ರಾಗಿಯಂತೂ ಈ ಕೆಲಸಕ್ಕೆಂದೇ ಹುಟ್ಟಿದಂತಿದೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು, ಅಕ್ಕಿ ಗೋಧಿಗಳು ಅದರ ಹತ್ತಿರಕ್ಕೂ ಬರಲಾರವು. ಸುಣ್ಣ ಮೈಗೆ ಹತ್ತಬೇಕಾದರೆ ಡಿ ಜೀವಸತ್ತ್ವ ಬೇಕು. ಅದಕ್ಕಾಗಿ ಹುಡುಗನನ್ನು ಕೋಣೆಯ ಕತ್ತಲೆಯಿಂದ ಅಂಗಳದ ಬಿಸಿಲಿಗೆ ಕರೆತರುವುದು ಒಳಿತು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು ಮಾತ್ರೆ ಬರೆದುಕೊಡುತ್ತಾರೆ.

ಉಡುಪಿನ ಸಮಸ್ಯೆ ಮೊದಲ ದಿನವೇ ತಲೆದೋರುತ್ತದೆ. ಬಳೆಗಳ ಮೇಲೆ ಷರಾಯಿ ಏರದು. ಒಂದು ಬದಿಯ ಹೊಲಿಗೆ ಬಿಚ್ಚಿಸಿ ಗುಂಡಿಯನ್ನೋ ದಾರವನ್ನೋ ಇಡಿಸಬಹುದು. ಪಂಚೆ ಲುಂಗಿಗಳಿದ್ದರೆ ಆ ತೊಂದರೆಯೂ ಇಲ್ಲ. ರಾತ್ರಿ ಹೊದಿಕೆ ಕಡ್ಡಿಗಳಿಗೆ ಸಿಕ್ಕಿಕೊಳ್ಳದಂತೆ ಹಳೆಯ ಸೀರೆಯಲ್ಲಿ ಸಡಿಲವಾದ ಚೀಲ ಹೊಲಿದು ತೊಡಿಸಬಹುದು. ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವ ಶೌಚಗೃಹ ಸಾಧ್ಯವೇ ಇಲ್ಲವಾದ್ದರಿಂದ ಕುರ್ಚಿಯಂತಹ ಏರ್ಪಾಟು ಮೊದಲೇ ಆಗಬೇಕು. ಮಹಡಿಯ ಮನೆಯಾದರೆ ಕೆಳಗಿನ ಕೋಣೆಗೆ ಹಾಸಿಗೆ ಇಳಿಯಬೇಕು. ಬಚ್ಚಲಿನ ಜಾರು ನೆಲಕ್ಕೆ ಒರಟು ಚಾಪೆ ಬೇಕು. ಶಸ್ತ್ರಚಿಕಿತ್ಸೆಯ ಖರ್ಚನ್ನು ಲೆಕ್ಕ ಹಾಕುವವರು ಇವನ್ನೆಲ್ಲ ಮರೆತಿರುತ್ತಾರೆ. ಮನೆಯವರೊಬ್ಬರ ಕೆಲಸದ ರಜೆ, ಪದೇಪದೇ ತೆಗೆಸುವ ಎಕ್ಸ್‌ರೇ, ಆಸ್ಪತ್ರೆಗೆ ಹೋಗಿಬರುವ ಬಾಡಿಗೆ, ಇವೂ ಲೆಕ್ಕದಲ್ಲಿರಬೇಕು.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಮನಸ್ಸು. ಮೊದಲ ತಿಂಗಳು ಉತ್ಸಾಹವಿರುತ್ತದೆ. ಬಂಧುಗಳು ಹಣ್ಣು ಹಿಡಿದು ಬರುತ್ತಾರೆ. ಮೂರನೆಯ ತಿಂಗಳಿನಲ್ಲಿ ನಟ್ಟು ತಿರುಗಿಸುವ ಕೆಲಸವೂ ಮುಗಿದಿರುತ್ತದೆ, ಬರುವವರೂ ಕಡಮೆ. ಕಾಲು ಉದ್ದವಾಗಿದೆ, ಆದರೂ ಬಳೆಗಳು ಬಿಟ್ಟಿಲ್ಲ. ದಿನದ ಮೇಲೆ ದಿನ ಕಳೆದರೂ ಏನೂ ಬದಲಾದಂತೆ ಕಾಣುವುದಿಲ್ಲ. ಹುಡುಗ ಮುಂಗೋಪಿಯಾಗುತ್ತಾನೆ, ಊಟ ಬೇಡವೆನ್ನುತ್ತಾನೆ, ನಿದ್ದೆಗೆಡುತ್ತಾನೆ. ಇದನ್ನು ಹಟವೆಂದು ಗದರುವುದು ತಪ್ಪು. ಚಿಕಿತ್ಸೆಯ ಎಲ್ಲ ಹಂತಗಳಲ್ಲಿ ಅತಿ ದೀರ್ಘವಾದುದು ಈ ಕಾಯುವ ಹಂತವೇ. ಶಾಲೆಯ ಪಾಠಗಳು ನಿಲ್ಲದಂತೆ, ಗೆಳೆಯರು ಬಂದುಹೋಗುವಂತೆ, ಚದುರಂಗವೋ ಕೇರಮ್ಮೋ ಸಂಜೆಗೊಂದು ಆಟವಿರುವಂತೆ ನೋಡಿಕೊಂಡರೆ ಮಾತ್ರೆಗಿಂತ ಮಿಗಿಲಾದ ಗುಣ ಕಂಡೀತು. ಹಿಂದಿನ ತಿಂಗಳ ಎಕ್ಸ್‌ರೇ ಪಕ್ಕದಲ್ಲಿ ಈ ತಿಂಗಳದನ್ನು ಇಟ್ಟು ತೋರಿಸಬೇಕು. ಹೊರಗಣ್ಣಿಗೆ ಕಾಣದ ಬೆಳವಣಿಗೆ ಅಲ್ಲಿ ಕಾಣುತ್ತದೆ. ಮೋಡದಂತಿದ್ದ ಛಾಯೆ ಗೆರೆಗೆರೆಯಾಗಿ, ಗೆರೆಗಳು ಗಟ್ಟಿಯಾಗಿ, ಅಂಚಿನಲ್ಲಿ ಬೆಳ್ಳನೆಯ ಗೋಡೆ ಕಟ್ಟಿರುತ್ತದೆ.

ಮೂಳೆಯ ನಾಲ್ಕು ಅಂಚುಗಳಲ್ಲಿ ಮೂರಾದರೂ ಹೀಗೆ ಗಟ್ಟಿಯಾದುದು ಕಂಡ ಮೇಲೆ ವೈದ್ಯರು ಬಳೆಗಳನ್ನು ತೆಗೆಯುತ್ತಾರೆ. ಆ ದಿನ ಮನೆಯಲ್ಲಿ ಪಾಯಸವಾದರೆ ಆಕ್ಷೇಪಣೆಯಿಲ್ಲ. ಹುಡುಗ ಕ್ರಿಕೆಟ್ಟಿನ ದಾಂಡು ಹಿಡಿದರೆ ಆಕ್ಷೇಪಣೆಯುಂಟು. ಹೊಸ ಮೂಳೆ ಇನ್ನೂ ಎಳೆಯದು. ಬಳೆ ತೆಗೆದ ಮೊದಲ ಕೆಲವು ವಾರಗಳಲ್ಲಿ ಅದು ಮುರಿಯುವ ಭಯ ಇದ್ದೇ ಇರುತ್ತದೆ. ಪಟ್ಟಿ ಕಟ್ಟಿಕೊಂಡು, ಊರುಗೋಲನ್ನು ಹಂತಹಂತವಾಗಿ ಬಿಡಬೇಕು. ಕೃಶವಾದ ಸ್ನಾಯುಗಳು ಮೊದಲಿನಂತಾಗಲು ಇನ್ನೂ ಹಲವು ತಿಂಗಳು ಹಿಡಿಯುತ್ತದೆ.

ಎತ್ತರದ ಆಸೆ

ಹೊರಗೆ ಬಳೆಗಳಿಲ್ಲದ ವಿಧಾನವೂ ಈಗ ಬಂದಿದೆ. ಮೂಳೆಯ ಒಳಟೊಳ್ಳಿನಲ್ಲಿ ಕೊಳವೆಯೊಳಗೊಂದು ಕೊಳವೆಯಂತಿರುವ ಲೋಹದ ಸಲಾಕೆಯನ್ನು ಇಳಿಸಿ, ಹೊರಗಿನಿಂದ ಅಯಸ್ಕಾಂತದ ಯಂತ್ರವನ್ನು ಹಿಡಿದು ಅದನ್ನು ಉದ್ದಮಾಡುತ್ತಾರೆ. ಇಂತಹ ಸಲಾಕೆಗೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ದೊರೆಯಿತು. ಚರ್ಮದಲ್ಲಿ ಕಡ್ಡಿಗಳಿಲ್ಲವಾದ್ದರಿಂದ ನಂಜಿನ ಭಯ ಕಡಮೆ, ಉಡುಪಿನ ತೊಂದರೆಯೂ ಇಲ್ಲ. ಆದರೆ ಬೆಲೆ ಬಹಳ; ಮೂಳೆ ಗಟ್ಟಿಯಾಗುವ ತನಕ ಕಾಲಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಪೂರ್ತಿ ಭಾರ ತಡೆಯುವುದೆಂದು 2018ರಲ್ಲಿ ಬಂದ ಉಕ್ಕಿನ ಸಲಾಕೆಯನ್ನು, ಮೂಳೆಯಲ್ಲಿ ಅನಪೇಕ್ಷಿತ ಬದಲಾವಣೆಗಳು ಕಂಡುಬಂದುದರಿಂದ 2021ರಲ್ಲಿ ಹಿಂದೆಗೆದುಕೊಳ್ಳಲಾಯಿತು. ಸಾಧನ ಯಾವುದಾದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರೆಂಬ ಲೆಕ್ಕ ತಪ್ಪಲಿಲ್ಲ, ವ್ಯಾಯಾಮದ ದುಡಿಮೆಯೂ ತಪ್ಪಲಿಲ್ಲ.

ಸಾಧನಗಳು ನಯವಾದಂತೆ ಆಸೆಯೂ ಬೆಳೆಯಿತು. ಕಾಲುಗಳೆರಡೂ ಸರಿಯಾಗಿಯೇ ಇರುವ ತರುಣರು, ಕೇವಲ ಎತ್ತರವಾಗಬೇಕೆಂಬ ಬಯಕೆಯಿಂದ, ಎರಡೂ ಕಾಲುಗಳ ಮೂಳೆಗಳನ್ನು ಕತ್ತರಿಸಿಕೊಳ್ಳುತ್ತಿದ್ದಾರೆ. 2016ರಲ್ಲಿ ಹೈದರಾಬಾದಿನಲ್ಲಿ ತರುಣನೊಬ್ಬನು ಮನೆಯವರಿಗೆ ತಿಳಿಸದೆ ಹೀಗೆ ಮಾಡಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದಿತು. ಮಗ ಕಾಣೆಯಾದನೆಂದು ಹುಡುಕಾಡಿದ ತಂದೆತಾಯಿಗಳು ಅವನನ್ನು ಕಂಡದ್ದು ಆಸ್ಪತ್ರೆಯ ಮಂಚದ ಮೇಲೆ. ಚೀನಾ ದೇಶವು ಅಂದಕ್ಕಾಗಿ ಕಾಲು ಉದ್ದಮಾಡಿಕೊಳ್ಳುವುದನ್ನು 2006ರಲ್ಲಿಯೇ ನಿಷೇಧಿಸಿತು.

ಒಂದು ಕಾಲು ಗಿಡ್ಡವಾಗಿ ಸೊಂಟ ವಾಲಿ ನಡೆಯುವವನಿಗೂ ಈ ತರುಣನಿಗೂ ಇರುವ ಅಂತರವನ್ನು ವಾಚಕರು ಗಮನಿಸಬೇಕು. ಮೊದಲನೆಯವನಿಗೆ ಊರಿ ನಿಲ್ಲಲು ಒಂದು ಒಳ್ಳೆಯ ಕಾಲಾದರೂ ಇದೆ. ಚಿಕಿತ್ಸೆಯಿಂದ ಅವನಿಗೆ ನಡಿಗೆ ದೊರೆಯುತ್ತದೆ. ಎರಡನೆಯವನು ತಿಂಗಳುಗಟ್ಟಲೆ ಎರಡು ಕಾಲುಗಳನ್ನೂ ಒತ್ತೆಯಿಟ್ಟಿರುತ್ತಾನೆ. ನಂಜು, ನರದ ಪೆಟ್ಟು, ಕೀಲಿನ ಸೆಟೆತ ಇವುಗಳಲ್ಲಿ ಯಾವುದೊಂದು ಉಳಿದುಕೊಂಡರೂ ಇದ್ದ ನಡಿಗೆಗೇ ಸಂಚಕಾರ. ಹಾಗೆಂದು ಆ ತರುಣನನ್ನು ನಕ್ಕು ತಳ್ಳಿಹಾಕುವುದೂ ನ್ಯಾಯವಲ್ಲ. ಶಾಲೆಯಲ್ಲಿ ಕುಳ್ಳನೆಂದು ಕರೆಸಿಕೊಂಡು, ಹೆಣ್ಣು ನೋಡಲು ಹೋದಲ್ಲಿ ಅಳತೆಗೊಳಗಾಗಿ, ಒಳಗೊಳಗೆ ಬೆಂದ ಮನಸ್ಸು ಅದು. ಅವನು ಮನೆಯಲ್ಲಿ ಬಾಯಿಬಿಡಲಾರದಂತೆ ಮಾಡಿದವರಲ್ಲಿ ಮನೆಯವರದೂ ಪಾಲಿರಬಹುದು. ಮಗನೋ ಮಗಳೋ ಅಂತಹ ಮಾತೆತ್ತಿದರೆ ಗದರಿ ಬಾಯಿ ಮುಚ್ಚಿಸದೆ, ಕುಳಿತು ಕೇಳಿ, ಮೇಲೆ ಹೇಳಿದ ತಿಂಗಳುಗಳ ಲೆಕ್ಕವನ್ನು ಒಂದೊಂದಾಗಿ ಮುಂದಿಡುವುದು ಹಿರಿಯರಾದವರ ಕರ್ತವ್ಯ.

ಇಲಿಜರೋವ್ ಅವರು 1992ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಹೊತ್ತ ದೊಡ್ಡ ಆಸ್ಪತ್ರೆ ಕುರ್ಗಾನಿನಲ್ಲಿದೆ. ಬ್ರುಮೆಲ್ 2003ರವರೆಗೆ ಬದುಕಿದನು. 2.28 ಮೀಟರನ್ನು ಅವನು ಮತ್ತೆಂದೂ ಮುಟ್ಟಲಿಲ್ಲ. ಆದರೆ ಮೂರು ವರ್ಷ ಊರುಗೋಲಿನ ಮೇಲೆ ತೂಗಿದ್ದ ಆ ಮನುಷ್ಯನು ತನ್ನ ಎರಡು ಕಾಲುಗಳ ಮೇಲೆ ನಿಂತು, ಓಡಿ, ಹಾರಿದನು. ಇಂದು ರಾತ್ರಿ ಎಲ್ಲಿಯೋ ಒಂದು ಮನೆಯಲ್ಲಿ ತಾಯಿಯೊಬ್ಬಳು ಮಲಗುವ ಮುನ್ನ ನಟ್ಟನ್ನು ಕಾಲುಸುತ್ತು ತಿರುಗಿಸಿ, ಗೋಡೆಯ ಹಾಳೆಯಲ್ಲಿ ಗುರುತು ಹಾಕಿ, ಮಗನ ಹಿಮ್ಮಡಿಯ ಕೆಳಗೆ ದಿಂಬನ್ನು ಸರಿಪಡಿಸುತ್ತಿರಬಹುದು. ಅವಳ ಮಗ ದಾಖಲೆ ಮುರಿಯಬೇಕಾಗಿಲ್ಲ. ಮುಂದಿನ ವರ್ಷ ಅವನು ವಾಲದೆ ಶಾಲೆಗೆ ನಡೆದುಹೋದರೆ ಸಾಕು.